ಮೆಕ್ಸಿಕನ್ ಹೋಟೆಲಲ್ಲಿ ಮೊಟ್ಟೆಯನ್ನೂ ತಿನ್ನದ ಅತ್ತೆಗೆ ಏನು ಆರ್ಡರ್ ಮಾಡೋದು? (ಡಲ್ಲಾಸ್ ಕಡೆ)

ಚಾಮುಂಡಿಬೆಟ್ಟದ_ಮೆಟ್ಟಿಲು
ಎಲ್ಲರಿಗೂ ನಮಸ್ಕಾರ. ನಾವಿರೋದು ಪ್ಲೇನೋದಲ್ಲಿ. ಅತ್ತೆ-ಮಾವ ಮೈಸೂರಿಂದ ಬಂದಿದ್ದಾರೆ. ಶನಿವಾರ ಮಗನ ಹೈಸ್ಕೂಲ್ ಗ್ರಾಜುಯೇಷನ್ ಊಟ. ಮನೆ ಹತ್ತಿರದ ಮೆಕ್ಸಿಕನ್ ಹೋಟೆಲೇ ಆಗಬೇಕು ಅಂತ ಅವನ ಹಠ. ದೊಡ್ಡ ಜಾಗವೇನಲ್ಲ, ಒಂದು ಕುಟುಂಬದವರು ನಡೆಸೋದು, ಕೂತ ತಕ್ಷಣ ಚಿಪ್ಸು-ಸಾಲ್ಸಾ ತಂದಿಡ್ತಾರಲ್ಲ, ಅಂಥದ್ದು. ಮಾವನಿಗೆ ಈರುಳ್ಳಿ-ಬೆಳ್ಳುಳ್ಳಿ ತೊಂದರೆಯಿಲ್ಲ. ಅತ್ತೆ ಮೊಟ್ಟೆ ಸೋಕಿದ್ದನ್ನೂ ಮುಟ್ಟಲ್ಲ, ಆದರೆ ಮೊಮ್ಮಗನ ಖುಷಿಗೆ ಬರ್ತೀನಿ ಅಂದಿದ್ದಾರೆ.

ಮೆನು ನೋಡಿದೆ. ಕಾಳು, ಅನ್ನ, ಚೀಸು, ರೊಟ್ಟಿ. ನೋಡೋಕೆ ಎಲ್ಲಾ ಸಾಧುವಾಗಿಯೇ ಇದೆ. ಆಫೀಸಲ್ಲಿ ಮಾತ್ರ ಒಬ್ಬರು "ಬೀನ್ಸ್ ನಂಬಬೇಡಿ" ಅಂತ ಹೇಳಿ ಮೀಟಿಂಗಿಗೆ ಹೋಗಿಬಿಟ್ಟರು. ಯಾಕೆ? ಏನು ಕೇಳಬೇಕು, ಯಾರನ್ನ ಕೇಳಬೇಕು?

ತುಮಕೂರು_ತಟ್ಟೆಇಡ್ಲಿ
ಮನೇಲೇ ಚಿತ್ರಾನ್ನ ತಿನ್ನಿಸಿ ಕರ್ಕೊಂಡು ಹೋಗಿ. ಅಲ್ಲಿ ಚಿಪ್ಸ್ ಕಡೀತಾ ಕೂತಿರಲಿ. ನಮ್ಮಮ್ಮ ಬಂದಾಗ ಇದೇ ಉಪಾಯ.

ಬಿಸಿಬೇಳೆ_ಬಾಬು
ಆಫೀಸಿನವರು ಹೇಳಿದ್ದು ಸರಿ. ಟೆಕ್ಸ್-ಮೆಕ್ಸ್ (ಟೆಕ್ಸಸ್ ಶೈಲಿಯ ಮೆಕ್ಸಿಕನ್) ಹೋಟೆಲಲ್ಲಿ ಮಾಂಸ ಕಣ್ಣಿಗೆ ಕಾಣೋ ಕಡೆ ನಮಗೇನೂ ಕಷ್ಟ ಇಲ್ಲ, ಬಿಟ್ಟರೆ ಆಯ್ತು. ಕಾಣದೇ ಇರೋ ಕಡೆ ಕಷ್ಟ. ಅದೂ ನೀವು "ಸಾಧು" ಅಂದಿರಲ್ಲ, ಅದೇ ಪದಾರ್ಥಗಳಲ್ಲಿ.

ರಿಫ್ರೈಡ್ ಬೀನ್ಸ್ ಅಂದ್ರೆ ಪಿಂಟೋ ಕಾಳು ಬೇಯಿಸಿ, ಮಸೆದು, ಕೊಬ್ಬಲ್ಲಿ ಬಾಡಿಸಿದ್ದು. ಹಳೇ ಪದ್ಧತಿಯಲ್ಲಿ ಆ ಕೊಬ್ಬು ಹಂದಿಯದು, ಅವರು ಮಾಂತೇಕಾ ಅಂತಾರೆ, ಇಂಗ್ಲಿಷಲ್ಲಿ ಲಾರ್ಡ್. ಈಗ ಎಣ್ಣೆ ಹಾಕೋರೂ ಬೇಕಾದಷ್ಟು ಜನ ಇದ್ದಾರೆ. ಆದರೆ ನೋಡಿ ಹೇಳೋಕಾಗಲ್ಲ, ಕೇಳಲೇಬೇಕು. "ಚಾರೋ ಬೀನ್ಸ್" ಅಂತ ಬರೆದಿದ್ರೆ ಕೇಳೋದೂ ಬೇಡ, ಬೇಕನ್ (ಹಂದಿ ಮಾಂಸ) ಹಾಕಿಯೇ ಮಾಡೋದು.

ಕೆಂಪನ್ನ ಇನ್ನೂ ಮೋಸ. ಟೊಮೇಟೊ ಬಾತ್ ಥರ ಇರುತ್ತೆ. ಬೇಯಿಸಿರೋದು ಮಾತ್ರ ಸಾಮಾನ್ಯವಾಗಿ ಚಿಕನ್ ಸ್ಟಾಕಲ್ಲಿ, ಅಂದ್ರೆ ಕೋಳಿ ಬೇಯಿಸಿದ ನೀರಲ್ಲಿ. ನನ್ನ ಲೆಕ್ಕದಲ್ಲಿ ಬೀನ್ಸಿಗಿಂತ ಅನ್ನವೇ ಹೆಚ್ಚು ಅಪಾಯ, ಯಾಕಂದ್ರೆ ಅನ್ನದ ಬಗ್ಗೆ ಯಾರಿಗೂ ಅನುಮಾನವೇ ಬರಲ್ಲ.

ಆಮೇಲೆ ಚೀಸ್ ಎಂಚಿಲಾಡಾ, ಅಂದ್ರೆ ಸುರುಳಿ ಸುತ್ತಿ ಮೇಲೆ ಸಾಸ್ ಸುರಿದ ರೊಟ್ಟಿ. ಇದು ಟೆಕ್ಸಸ್‌ನವರಿಗೆ ವಿಶೇಷವಾಗಿ ಹೇಳಬೇಕಾದ್ದು. ಮೆನುವಲ್ಲಿ ಹೆಸರು "ಚೀಸ್" ಅಂತ ಇರುತ್ತೆ, ಒಳಗೂ ಚೀಸೇ ಇರುತ್ತೆ, ಮೇಲೆ ಸುರಿಯೋದು ಚಿಲಿ ಗ್ರೇವಿ (ಮೆಣಸಿನಪುಡಿಯ ಗಟ್ಟಿ ಸಾರು, ಮಾಂಸದ ಸ್ಟಾಕ್ ಇರಬಹುದು) ಅಥವಾ ನೇರವಾಗಿ ಗೋಮಾಂಸದ ಚಿಲಿ. ಇಲ್ಲಿನವರಿಗೆ ಅದಿಲ್ಲದೆ ಎಂಚಿಲಾಡಾನೇ ಅಲ್ಲ. ಅದಕ್ಕೇ ಮೆನುವಲ್ಲಿ ಬರೆಯೋ ಗೋಜಿಗೂ ಹೋಗಲ್ಲ. ಬೇಕಿದ್ರೆ ಸಾಲ್ಸಾ ವೆರ್ದೆ ಹಾಕಿಸಿ. ಅದು ಟೊಮಾಟಿಯೋ ಅನ್ನೋ ಹಸಿರು ಕಾಯಿಯದು. ಅದಕ್ಕೂ ಸ್ಟಾಕ್ ಸೇರಿಸಿದ್ದಾರಾ ಅಂತ ಒಂದು ಮಾತು ಕೇಳಿ.

ಚಾಮುಂಡಿಬೆಟ್ಟದ_ಮೆಟ್ಟಿಲು
ಅಯ್ಯೋ ದೇವರೇ. ಚೀಸ್ ಎಂಚಿಲಾಡಾನೇ ಅತ್ತೆಗೆ ಅಂತ ಗುರುತು ಹಾಕಿಟ್ಟಿದ್ದೆ.

ಹುಬ್ಬಳ್ಳಿ_ಹುಡುಗ
ಬಾಬು ಅಣ್ಣಾರು ಅನ್ನದ ಬಗ್ಗೆ ಹೇಳಿದ್ದು ನೂರಕ್ಕ ನೂರು ಖರೆ ಅದ. ನಾ ಎಂ.ಎಸ್. ಮಾಡೂ ಮುಂದ ಕ್ಯಾಂಪಸ್ ಒಳಗಿನ ಮೆಕ್ಸಿಕನ್ ಕೌಂಟರ್‌ನಾಗ ಕೆಲಸ ಮಾಡೀನ್ರಿ. ಅನ್ನ ಹೆಂಗ ಮಾಡತಿದ್ರು ಹೇಳತೀನಿ ಕೇಳ್ರಿ. ದೊಡ್ಡ ಅಗಲ ಪಾತ್ರಿಯೊಳಗ ಎಣ್ಣಿ ಕಾಸಿ ಹಸಿ ಅಕ್ಕಿ ಹಾಕಿ ಕೆಂಪಗ ಆಗೂತನಕ ಹುರೀತಿದ್ರು. ಆ ಕಡೆ ಟೊಮೇಟೊ, ಉಳ್ಳಾಗಡ್ಡಿ, ಬಳ್ಳೊಳ್ಳಿ ಮಿಕ್ಸರ್‌ಗೆ ಹಾಕಿ ರುಬ್ಬಿ ಅದರ ಮ್ಯಾಲೆ ಸುರುವೋದು. ಇಲ್ಲೀತನಕ ನಮ್ಮ ಅವ್ವ ಬಂದು ನಿಂತ್ರೂ ಏನೂ ಅನ್ನಂಗಿಲ್ಲ. ಆಮ್ಯಾಲ ಒಂದು ಹಳದಿ ಪುಡಿ ಡಬ್ಬಿ ಬರ್ತದ. ಚಿಕನ್ ಬುಯ್ಯೋನ್. ಎರಡು ಹಿಡಿ ನೀರಾಗ ಕಲಸಿ ಹಾಕಿ ಮುಚ್ಚಿಬಿಟ್ರು ಅಂದ್ರ ಮುಗೀತು.

ಮಜಾ ಏನಂದ್ರ, ಗಿರಾಕಿ ಬಂದು "ಅನ್ನದಾಗ ಚಿಕನ್ ಅದ ಏನು?" ಅಂತ ಕೇಳಿದ್ರ ಕೌಂಟರ್ ಹುಡುಗುರು "ಇಲ್ಲ" ಅಂತಿದ್ರು. ಸುಳ್ಳು ಹೇಳತಿರಲಿಲ್ರಿ ಅವರು. ಕೋಳಿ ತುಂಡು ಇಲ್ಲಲ್ಲ! ಪುಡಿ ಅವರ ಲೆಕ್ಕದಾಗ ಉಪ್ಪಿದ್ದಂಗ. ಅದಕ್ಕ "ಇದು ವೆಜ್ ಏನು" ಅಂತ ಕೇಳಬ್ಯಾಡ್ರಿ. "ಅನ್ನಕ್ಕ ಚಿಕನ್ ಪುಡಿ ಇಲ್ಲಾ ಸ್ಟಾಕ್ ಹಾಕೀರೇನು, ಬೀನ್ಸಿಗೆ ಲಾರ್ಡ್ ಹಾಕೀರೇನು" ಅಂತ ಹೆಸರು ಹಿಡಿದು ಕೇಳ್ರಿ. ಬಡಿಸೂ ಹುಡುಗನಿಗೆ ಗೊತ್ತಿರೂದಿಲ್ಲ. "ಒಳಗ ಕೇಳ್ಕೊಂಡು ಬರ್ರಿ" ಅನ್ರಿ.

ಪುತ್ತೂರು_ಅಡಿಕೆ
ನನಗೆ ಒಂದು ಅರ್ಥ ಆಗುವುದಿಲ್ಲ ಮಾರಾಯ್ರೇ. ಇಷ್ಟೆಲ್ಲ ತನಿಖೆ ಮಾಡಿ ಅಲ್ಲಿಗೇ ಯಾಕೆ ಹೋಗಬೇಕು? ಡಲ್ಲಾಸಿನಲ್ಲಿ ದೋಸೆ ಹೋಟೆಲಿಗೆ ಬರಗಾಲ ಉಂಟಾ? ಅಡಿಗೆಯವನ ಕೈ, ಸೌಟು, ಕಾವಲಿ ಎಲ್ಲ ಒಂದೇ. ಹಂದಿ ಹುರಿದ ಕಾವಲಿಯಲ್ಲೇ ನಿಮ್ಮ ದೊಣ್ಣೆಮೆಣಸನ್ನೂ ಬಾಡಿಸುತ್ತಾನೆ. ಪುಡಿಯ ಬಗ್ಗೆ ಕೇಳಿ ಕಾವಲಿಯ ಬಗ್ಗೆ ಕಣ್ಣು ಮುಚ್ಚುವುದು ಎಂತಹ ಆಚಾರ?

ಚಾಮುಂಡಿಬೆಟ್ಟದ_ಮೆಟ್ಟಿಲು
ಊಟ ಮಗನದು ಸರ್, ಜಾಗ ಅವನೇ ಆರಿಸಿದ್ದು. ಅತ್ತೇನೇ ಒಪ್ಪಿರೋವಾಗ ನಾನ್ಯಾಕೆ ಬೇಡ ಅನ್ನಲಿ?

ಬಿಸಿಬೇಳೆ_ಬಾಬು
ಪುತ್ತೂರಿನವರೇ, ಕಾವಲಿ ಮಾತು ನ್ಯಾಯವೇ. ಆದರೆ ಗೆರೆ ಎಲ್ಲಿ ಎಳೀಬೇಕು ಅನ್ನೋದು ಅವರವರ ಮನೆಗೆ ಬಿಟ್ಟಿದ್ದು. ನನ್ನ ಹೆಂಡತಿ ಕಾವಲಿಗೆ ತಲೆ ಕೆಡಿಸಿಕೊಳ್ಳಲ್ಲ, ಲಾರ್ಡ್ ಹಾಕಿದ್ದು ಗೊತ್ತಾದ್ರೆ ತಟ್ಟೆ ಸರಿಸ್ತಾಳೆ. ನಮ್ಮ ಮಾವನವರು ಉಲ್ಟಾ, ಬೇರೆ ಬಾಣಲೆ ಇಲ್ಲ ಅಂದ್ರೆ ನೀರೂ ಕುಡಿಯಲ್ಲ. ಇಬ್ಬರದ್ದೂ ಆಚಾರವೇ. ಸಣ್ಣ ಹೋಟೆಲಲ್ಲಿ ಫಹೀತಾ (ಬಿಸಿ ಕಾವಲಿಯಲ್ಲಿ ಬಾಡಿಸಿ ರೊಟ್ಟಿ ಜೊತೆ ಕೊಡೋದು) ತರಕಾರಿನ ಬೇರೆ ಬಾಣಲೇಲಿ ಮಾಡಿಕೊಡಿ ಅಂತ ಮರ್ಯಾದೆಯಿಂದ ಕೇಳಿದ್ರೆ ಮಾಡಿಕೊಡ್ತಾರೆ, ಶನಿವಾರ ರಾತ್ರಿ ಏಳೂವರೆಗೆ ಮಾತ್ರ ಕೇಳಬೇಡಿ. ಮುಂಚೆಯೇ, ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಮಾಡಿ. ಆಗ ಅಡಿಗೆಯವರಿಗೂ ಪುರಸೊತ್ತು ಇರುತ್ತೆ, ಉತ್ತರವೂ ಸರಿಯಾಗಿ ಸಿಗುತ್ತೆ.

ಕರಿಯೋ ಎಣ್ಣೆ ಬೇರೆ ವಿಷಯ. ಚಿಪ್ಸನ್ನೂ ಮೀನನ್ನೂ ಒಂದೇ ಎಣ್ಣೇಲಿ ಕರೀತಾರಾ ಅಂತ ಕೇಳ್ಕೊಳ್ಳಿ. ಅಲ್ಲಿ ಬೇರೆ ಬಾಣಲೆ ಕೇಳೋಕಾಗಲ್ಲ.

ಮಲೆನಾಡಿಗ_ಮೊಂಟೆರ್ರೆ
ನಾನು ಕಂಪನಿ ಕೆಲಸಕ್ಕೆ ಮೆಕ್ಸಿಕೋದ ಮೊಂಟೆರ್ರೆಯಲ್ಲಿದ್ದೇನೆ, ಊರು ತೀರ್ಥಹಳ್ಳಿ ಕಡೆ. ನೀವು ಮಾತಾಡ್ತಿರೋದು ಟೆಕ್ಸಸ್ ಹೋಟೆಲಿನ ಬಗ್ಗೆ, ಇಲ್ಲಿಯದು ಇನ್ನೊಂದು ಕಥೆ. ಈ ಉತ್ತರ ಭಾಗ ದನ ಸಾಕೋರ ನಾಡು, ಭಾನುವಾರ ಬಂತಂದ್ರೆ ಬೀದಿಯೆಲ್ಲ ಕೆಂಡದ ಮೇಲೆ ಸುಡೋ ಮಾಂಸದ ಹೊಗೆ. ಇಲ್ಲಿ ಗೋಧಿ ಟೋರ್ಟಿಯಾ, ಅಂದ್ರೆ ಅವರ ತೆಳು ರೊಟ್ಟಿ, ಜಾಸ್ತಿ. ಅದನ್ನ ಕೈಯಲ್ಲಿ ಮಾಡೋ ಕಡೆ ಹಿಟ್ಟಿಗೇ ಲಾರ್ಡ್ ಹಾಕಿ ನಾದೋದು ವಾಡಿಕೆ. ಟೆಕ್ಸಸ್‌ನಲ್ಲೂ "ಹೋಮ್‌ಮೇಡ್ ಫ್ಲೋರ್ ಟೋರ್ಟಿಯಾ" ಅಂತ ಬೋರ್ಡು ಕಂಡ್ರೆ ಖುಷಿಪಡೋಕೆ ಮುಂಚೆ ಕೇಳಿ.

ಜೋಳದ ಟೋರ್ಟಿಯಾ ನಿಶ್ಚಿಂತೆಯಿಂದ ತಿನ್ನಿ. ಮುಸುಕಿನ ಜೋಳದ ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ರುಬ್ಬಿದ ಹಿಟ್ಟು. ಜೋಳ, ನೀರು, ಸುಣ್ಣ, ಮೂರೇ. ಆ ಸುಣ್ಣ ಬರೀ ರುಚಿಗಲ್ಲ, ಅದು ಜೋಳದೊಳಗಿನ ಬಿ3 ಜೀವಸತ್ವವನ್ನ ದೇಹಕ್ಕೆ ದಕ್ಕೋ ಹಾಗೆ ಮಾಡುತ್ತೆ. ಯುರೋಪಿನವರು ಜೋಳ ಒಯ್ದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಜೋಳವನ್ನೇ ನಂಬಿದ ಬಡವರಿಗೆ ಪೆಲಾಗ್ರಾ ಅನ್ನೋ, ಬಿ3 ಕೊರತೆಯ ರೋಗ ಬಂತು.

ತಮಾಲೆ (ಹಿಟ್ಟಿನೊಳಗೆ ಹೂರಣ ಇಟ್ಟು, ಸುತ್ತಿ, ಹಬೆಯಲ್ಲಿ ಬೇಯಿಸಿದ್ದು) ಮಾತ್ರ ಅದೇ ಜೋಳದ ಹಿಟ್ಟಾದರೂ ದೂರ ಇಡಿ. ಒಳಗೆ ಬರೀ ಚೀಸು, ಮೆಣಸಿನಕಾಯಿ ಅಂದ್ರೂ ಹಿಟ್ಟು ಹಗುರಾಗೋಕೆ ಲಾರ್ಡ್ ಹಾಕಿ ಕಡೆದಿರ್ತಾರೆ.

ಜಯನಗರ_ಜನಾರ್ದನ
ಮೆಕ್ಸಿಕನ್ ಊಟ ಅಂದ್ರೇನೇ ಮಾಂಸ, ಅವರಿಗೆ ಸಸ್ಯಾಹಾರ ಗೊತ್ತೇ ಇಲ್ಲ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರಲ್ಲ?

ಮಲೆನಾಡಿಗ_ಮೊಂಟೆರ್ರೆ
ಅದು ಅರ್ಧ ಮಾತ್ರ ನಿಜ ಸರ್. 1519ರಲ್ಲಿ ಸ್ಪೇನಿನವರು ಬರೋ ತನಕ ಈ ನೆಲದಲ್ಲಿ ಹಂದಿ, ದನ, ಕೋಳಿ ಯಾವುದೂ ಇರಲಿಲ್ಲ. ಹಂದಿ ಇಲ್ಲ ಅಂದ್ಮೇಲೆ ಲಾರ್ಡ್ ಇಲ್ಲ, ಹಸು ಇಲ್ಲ ಅಂದ್ಮೇಲೆ ಚೀಸಿಲ್ಲ. ಟರ್ಕಿ, ಮೀನು, ಬೇಟೆ, ಹುಳ-ಹುಪ್ಪಟೆ ತಿಂತಿದ್ರು ನಿಜ, ದಿನದ ಊಟ ಮಾತ್ರ ಜೋಳ, ಕಾಳು, ಕುಂಬಳ, ಮೆಣಸಿನಕಾಯಿ. ಈ ಬೆಳೆಗಳನ್ನ ಒಂದೇ ಹೊಲದಲ್ಲಿ ಬೆಳೆಯೋ ಪದ್ಧತಿಗೆ ಮಿಲ್ಪಾ ಅಂತ ಹೆಸರು. ಯುನೆಸ್ಕೋ 2010ರಲ್ಲಿ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನ ಪರಂಪರೆ ಪಟ್ಟಿಗೆ ಸೇರಿಸಿದಾಗ ಮಿಲ್ಪಾದ ಹೆಸರನ್ನೂ ಎತ್ತಿ ಹೇಳಿದೆ.

ಇಲ್ಲಿ ಸಂತೆಗೆ ಹೋದ್ರೆ ನಮ್ಮೂರ ಸೊಪ್ಪುಗಳೇ ಕಾಣ್ತವೆ. ದಂಟು, ಗೋಣಿಸೊಪ್ಪು ಎಲ್ಲಾ ಇದೆ. ಗೋಣಿಸೊಪ್ಪಿಗೆ ವೆರ್ದೊಲಾಗಾಸ್ ಅಂತಾರೆ, ನೋಡಿ ಕುಣಿದಾಡೋ ಹಾಗಾಗುತ್ತೆ, ಆದರೆ ಹೋಟೆಲಲ್ಲಿ ಅದನ್ನ ಹಂದಿ ಮಾಂಸದ ಜೊತೆಗೇ ಬೇಯಿಸಿರ್ತಾರೆ! ಪಾಪಸುಕಳ್ಳಿಯ ಎಳೇ ಪಟ್ಟೆ, ನೋಪಾಲೆಸ್, ಮುಳ್ಳು ಹೆರೆದು ಸುಟ್ಟು ಕೊಡ್ತಾರೆ. ಬೆಂಡೆಕಾಯಿ ಲೋಳೆ ಸಹಿಸೋರಿಗೆ ಅದು ಹಿಡಿಸುತ್ತೆ. ಕುಂಬಳದ ಹೂವಿನ ಕೆಸಾಡಿಯಾ (ಚೀಸ್ ತುಂಬಿ ಮಡಚಿ ಕಾಯಿಸಿದ ಟೋರ್ಟಿಯಾ) ಸಿಕ್ಕಿದ್ರೆ ಬಿಡಲೇಬೇಡಿ. ಟೆಕ್ಸಸ್‌ನ ಸಾದಾ ಹೋಟೆಲಲ್ಲಿ ಇವೆಲ್ಲ ಅಪರೂಪ.

ಇನ್ನೊಂದು ಮಾತು. ಈಸ್ಟರ್‌ಗೆ ಮುಂಚಿನ ವ್ರತದ ದಿನಗಳಲ್ಲಿ "ಮಾಂಸವಿಲ್ಲದ ಮೆನು" ಅಂತ ಹಾಕ್ತಾರೆ. ಅವರ ಲೆಕ್ಕದಲ್ಲಿ ಮೀನು, ಸೀಗಡಿ ಮಾಂಸ ಅಲ್ಲ.

ಪುತ್ತೂರು_ಅಡಿಕೆ
ಬಂಗಾಳಿಯವರನ್ನು ಕೇಳಿದರೂ ಮೀನಿಗೆ ಅದೇ ಲೆಕ್ಕ 😄

ಚಾಮುಂಡಿಬೆಟ್ಟದ_ಮೆಟ್ಟಿಲು
ಚಿಲೆ ರೆಯೆನೊ ಅಂತ ಒಂದಿದೆ, ದೊಡ್ಡ ಮೆಣಸಿನಕಾಯಿಗೆ ಚೀಸ್ ತುಂಬಿದ್ದು, ವೆಜಿಟೇರಿಯನ್ ಪಟ್ಟಿಯಲ್ಲೇ ಇದೆ. ಹಾಗಲಕಾಯಿ ತುಂಬುಗಾಯಿ ಪ್ರಿಯರು ನಮ್ಮತ್ತೆ. ಪರವಾಗಿಲ್ವಾ?

ಬಿಸಿಬೇಳೆ_ಬಾಬು
ಬೇಡ ಅಕ್ಕಾ. ಪೊಬ್ಲಾನೊ ಮೆಣಸಿನಕಾಯಿ ಸುಟ್ಟು, ಚೀಸ್ ತುಂಬಿ, ಮೊಟ್ಟೆಯ ಬಿಳಿಭಾಗ ನೊರೆ ಬರೋ ಹಾಗೆ ಕಡೆದು ಅದರಲ್ಲಿ ಅದ್ದಿ ಕರಿಯೋದು. ಹೊರಗಿನ ಮೆತ್ತನೆ ಅಂಗಿಯೆಲ್ಲ ಮೊಟ್ಟೆ. ಇಲ್ಲಿನ "ವೆಜಿಟೇರಿಯನ್" ಅಂದ್ರೆ ಮೊಟ್ಟೆ ಸೇರಿಯೇ. ಅದೇ ಪೊಬ್ಲಾನೊನ ಸೀಳಿ, ಈರುಳ್ಳಿ, ಕೆನೆ ಹಾಕಿ ಮಾಡೋ ರಾಹಾಸ್ ಇದ್ರೆ ಅದನ್ನ ಕೇಳಿ, ಮೊಟ್ಟೆ ಇರಲ್ಲ. ಖಾರವೂ ಮೈಸೂರಿನವರಿಗೆ ಲೆಕ್ಕಕ್ಕಿಲ್ಲ.

ಎಲೋತೆ, ಅಂದ್ರೆ ಸುಟ್ಟ ತೆನೆ, ಅದಕ್ಕೆ ಮಯೊನೀಸ್ ಬಳೀತಾರೆ, ಅದರಲ್ಲೂ ಮೊಟ್ಟೆ. ಬರೀ ನಿಂಬೆಹಣ್ಣು, ಖಾರದಪುಡಿ ಹಾಕಿ ಕೊಡಿ ಅನ್ನಿ. ಟೋರ್ಟಿಯಾ ಸೂಪ್ ಚಿಕನ್ ಸ್ಟಾಕಿಂದು. ಮೋಲೆ ಅನ್ನೋ ಮೆಣಸಿನಕಾಯಿ-ಮಸಾಲೆಯ ಗಟ್ಟಿ ಸಾಸಿಗೂ ಸಾಮಾನ್ಯವಾಗಿ ಅದೇ ಸ್ಟಾಕ್. ಸೀಸರ್ ಸಲಾಡ್ ಹುಟ್ಟಿದ್ದು ಮೆಕ್ಸಿಕೋದ ತಿಹುವಾನಾ ಊರಲ್ಲಿ, ಸೊಪ್ಪು ನೋಡಿ ಮೋಸ ಹೋಗಬೇಡಿ, ಡ್ರೆಸಿಂಗಲ್ಲಿ ಮೊಟ್ಟೆಯೂ ಇರುತ್ತೆ, ಮೀನಿನ ಅಂಶವೂ ಇರುತ್ತೆ.

ತುಮಕೂರು_ತಟ್ಟೆಇಡ್ಲಿ
ನಾನು ಹೇಳಿದ ಚಿತ್ರಾನ್ನ ಈಗ ನೆನಪಾಗ್ತಿದ್ಯಾ ಅಕ್ಕಾ?

ದಾವಣಗೆರೆ_ಬೆಣ್ಣೆ
ಎಲ್ಲರೂ ಬೇಡ ಬೇಡ ಅಂತ ಹೆದರಿಸಿಬಿಟ್ರಿ. ನಾನು ಆಸ್ಟಿನ್‌ನಲ್ಲಿದ್ದೀನಿ, ಅಮ್ಮನಿಗೆ ಇಲ್ಲಿ ಏನು ಕೊಡಿಸ್ತೀನಿ ಹೇಳ್ತೀನಿ. ಜೋಳದ ಟೋರ್ಟಿಯಾ ಮೇಲೆ ಅಣಬೆ-ಪಾಲಕ್ ಕೆಸಾಡಿಯಾ, ಜೊತೆಗೆ ಗ್ವಾಕಮೋಲೆ (ಆವಕಾಡೊ ಚಟ್ನಿ), ಪಿಕೋ ದೆ ಗಾಯೋ. ಪಿಕೋ ಅಂದ್ರೆ ಹಸಿ ಟೊಮೇಟೊ, ಈರುಳ್ಳಿ, ಕೊತ್ತಂಬರಿ, ಹಸಿಮೆಣಸು ಸಣ್ಣಗೆ ಹೆಚ್ಚಿ ನಿಂಬೆ ಹಿಂಡಿದ್ದು. ಅಮ್ಮ ಅದನ್ನ ಬಟ್ಟಲುಗಟ್ಟಲೆ ತಿಂತಾರೆ. ಬೀನ್ಸ್ ಬದಲು ಆವಕಾಡೊ, ಅನ್ನದ ಬದಲು ಇನ್ನೊಂದೆರಡು ಟೋರ್ಟಿಯಾ ಕೊಡಿ ಅಂತೀನಿ. ಬದಲಾವಣೆಗೆ ಯಾರೂ ಮುಖ ಸಿಂಡರಿಸಿಲ್ಲ. ತರಕಾರಿ ಫಹೀತಾ ಹೊಗೆಯಾಡ್ತಾ ಮೇಜಿಗೆ ಬಂದ್ರೆ ಪಕ್ಕದ ಮೇಜಿನವರೂ ತಿರುಗಿ ನೋಡ್ತಾರೆ, ಹುಡುಗನ ಗ್ರಾಜುಯೇಷನ್‌ಗೆ ಅದೇ ಗತ್ತು.

ಕುಡಿಯೋಕೆ ಹಮೈಕಾ ತಗೊಳ್ಳಿ, ಕಡುಕೆಂಪು ಹುಳಿ ಪಾನಕ.

ಹುಬ್ಬಳ್ಳಿ_ಹುಡುಗ
ಆ ಹಮೈಕಾ ಅಂದ್ರ ನಮ್ಮ ಪುಂಡಿ ಜಾತೀದ ಗಿಡದ ಹೂವಿನ ತೊಟ್ಟು ನೋಡ್ರಿ! ನಮ್ಮ ಕಡೆ ತಪ್ಪಲ ಪಲ್ಯ ಮಾಡತೀವಿ, ಇವರು ಹೂವಿನ ಕೆಂಪು ತೊಟ್ಟು ಒಣಗಿಸಿ, ಕುದಿಸಿ, ಸಕ್ಕರಿ ಹಾಕಿ ಕುಡೀತಾರ. ಹುಣಸಿಹಣ್ಣಿನ ಪಾನಕಾನೂ ಇರ್ತದ, ತಮರಿಂದೊ ಅಂತ.

ಕೋಟೇಶ್ವರ_ಕಡಲು
ಚೀಸಿನ ಬಗ್ಗೆ ಯಾರೂ ಎತ್ತಲೇ ಇಲ್ವಲ್ಲ. ಹಾಲು ಒಡೆಸೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ. ಅದು ಮಾಂಸ ಅಲ್ವಾ?

ಬಿಸಿಬೇಳೆ_ಬಾಬು
ಒಳ್ಳೇ ಪ್ರಶ್ನೆ. ಅಮೆರಿಕದಲ್ಲಿ 1990ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೊಸಿನ್‌ಗೆ (ರೆನೆಟ್‌ನಲ್ಲಿ ಹಾಲು ಒಡೆಸೋ ಅಂಶ) ಒಪ್ಪಿಗೆ ಸಿಕ್ಕಿತು. ಈಗ ಇಲ್ಲಿ ಕಾರ್ಖಾನೆಯಲ್ಲಿ ಮಾಡೋ ಚೀಸ್‌ನಲ್ಲಿ ಬಹುಪಾಲು ಅದೇ. ಆದರೆ ಪ್ಯಾಕೆಟ್ ಮೇಲೆ ಬರೀ "ಎನ್‌ಜೈಮ್ಸ್" ಅಂತಿದ್ರೆ ಯಾವುದು ಅಂತ ಹೇಳೋಕಾಗಲ್ಲ. ಉದುರಿಸೋ ಕೋತಿಹಾ ಚೀಸ್ ಆಮದಾಗಿದ್ರೆ ಅನುಮಾನ ಇಟ್ಕೊಳ್ಳಿ. ಹೋಟೆಲಿನವರನ್ನ ಇದರ ಬಗ್ಗೆ ಕೇಳಿ ಪ್ರಯೋಜನವಿಲ್ಲ, ಅವರಿಗೂ ಗೊತ್ತಿರಲ್ಲ. ತಲೆಬಿಸಿ ಬೇಡ ಅಂದ್ರೆ ಚೀಸ್ ಬಿಟ್ಟು ಗ್ವಾಕಮೋಲೆ.

ತುಮಕೂರು_ತಟ್ಟೆಇಡ್ಲಿ
ಕೋತಿ ಚೀಸಾ? ಹನುಮಂತನ ಭಕ್ತರಿಗೆ ಓಕೆನಾ?

ಜಯನಗರ_ಜನಾರ್ದನ
ಇಷ್ಟು ರಗಳೆ ಯಾಕೆ, ಟಾಕೊ ಬೆಲ್‌ಗೆ ಹೋಗಬಾರದಾ? ಬೆಂಗಳೂರಲ್ಲಿ ನಮ್ಮ ಮನೆಯವರೆಲ್ಲ ಹೋಗ್ತೀವಿ, ಹಸಿರು ಚುಕ್ಕೆ ನೋಡಿ ಆರ್ಡರ್ ಮಾಡಿದ್ರಾಯ್ತು.

ದಾವಣಗೆರೆ_ಬೆಣ್ಣೆ
ಬೆಂಗಳೂರಿನದು ಬೇರೆ ಸರ್. ಅಲ್ಲಿಗೆ 2010ರಲ್ಲಿ ಬಂದಾಗಿಂದಲೇ ನಮ್ಮ ಜನಕ್ಕೆ ತಕ್ಕ ಹಾಗೆ ಮೆನು ಮಾಡಿದ್ದಾರೆ. ಆದರೆ ನಿಮ್ಮ ಮಾತಲ್ಲಿ ಹುರುಳಿದೆ. ಅಮೆರಿಕದಲ್ಲೂ ಟಾಕೊ ಬೆಲ್ 2015ರಲ್ಲೇ ಇಲ್ಲಿನ ಸಸ್ಯಾಹಾರಿ ಸಂಘದಿಂದ ಪ್ರಮಾಣಪತ್ರ ಪಡೆದ ತಿನಿಸುಗಳನ್ನ ತಂತು. ಬೀನ್ಸಿಗೆ ಲಾರ್ಡ್ ಇಲ್ಲ. ಚಿಪೋಟ್ಲೆ ಅನ್ನೋ ಇನ್ನೊಂದು ಚೈನ್ ಹೋಟೆಲಲ್ಲಿ ಕಪ್ಪು ಬೀನ್ಸ್ ಸಸ್ಯಾಹಾರವೇ. ಪಿಂಟೋ ಬೀನ್ಸಿಗೆ ಮಾತ್ರ ಬೇಕನ್ ಹಾಕ್ತಿದ್ರು, 2013ರಲ್ಲಿ ನಿಲ್ಲಿಸಿದ್ರು. ಅಲ್ಲಿ ತರಕಾರಿ ಬೋಲ್ ತಗೊಂಡ್ರೆ ಗ್ವಾಕಮೋಲೆಗೆ ಬೇರೆ ದುಡ್ಡಿಲ್ಲ.

ಚೈನ್ ಹೋಟೆಲಲ್ಲಿ ಪಟ್ಟಿ ಬರೆದಿಟ್ಟಿರ್ತಾರೆ, ಕೇಳೋ ಕಷ್ಟ ಇಲ್ಲ. ಕುಟುಂಬದ ಹೋಟೆಲಲ್ಲಿ ಬರೆದಿಟ್ಟಿರಲ್ಲ, ಆದರೆ ಕೇಳಿದ್ರೆ ಬೇರೆ ಮಾಡಿಕೊಡೋ ಮನಸ್ಸಿರುತ್ತೆ. ಹಬ್ಬದೂಟಕ್ಕೆ ಎರಡನೆಯದೇ ಚೆನ್ನ. ಗ್ರಾಜುಯೇಷನ್ ದಿನ ಟ್ರೇ ಹಿಡ್ಕೊಂಡು ಕ್ಯೂನಲ್ಲಿ ನಿಲ್ಲಿಸಿದ್ರೆ ಆ ಹುಡುಗ ನಿಮ್ಮನ್ನ ಕ್ಷಮಿಸಲ್ಲ.

ಮಲೆನಾಡಿಗ_ಮೊಂಟೆರ್ರೆ
ಫೋನಲ್ಲಿ ಇಂಗ್ಲಿಷ್ ನಡೀದೇ ಹೋದ್ರೆ ಇಷ್ಟು ಸಾಕು: "ಲೋಸ್ ಫ್ರಿಹೋಲೆಸ್, ತಿಯೆನೆನ್ ಮಾಂತೇಕಾ?" (ಕಾಳಿಗೆ ಲಾರ್ಡ್ ಇದೆಯಾ), "ಎಲ್ ಅರ್ರೋಸ್, ಯೆವಾ ಕಾಲ್ದೋ ದೆ ಪೋಯೋ?" (ಅನ್ನಕ್ಕೆ ಚಿಕನ್ ಸ್ಟಾಕ್ ಹಾಕ್ತೀರಾ). "ಸಿನ್ ಕಾರ್ನೆ", ಮಾಂಸ ಬೇಡ, ಅಂತ ಅಷ್ಟೇ ಹೇಳಿ ಸುಮ್ಮನಾಗಬೇಡಿ. ಇಲ್ಲಿ ಹಾಗೆ ಹೇಳಿದವರ ತಟ್ಟೆಗೆ ಹ್ಯಾಮ್ ಬಂದಿದ್ದನ್ನ ಕಣ್ಣಾರೆ ನೋಡಿದ್ದೀನಿ. ಕೋಳಿ, ಮೀನು, ಹ್ಯಾಮ್, ಮೊಟ್ಟೆ ಅಂತ ಒಂದೊಂದೇ ಹೆಸರು ಹೇಳಿ: ಪೋಯೋ, ಪೆಸ್ಕಾದೊ, ಹಮೋನ್, ವೆವೊ. "ಮಾಂತೇಕಾ ವೆಹೆತಾಲ್" ಅಂದ್ರೆ ಗಾಬರಿ ಬೇಡ, ಅದು ಡಾಲ್ಡಾ.

ಓಹಾಕಾ ಕಡೆಯ ಅಡುಗೆ ಅಂತ ಬೋರ್ಡಿದ್ರೆ ಗ್ವಾಕಮೋಲೆ ಮೇಲೂ ಒಂದು ಕಣ್ಣಿಡಿ. ಹುರಿದ ಮಿಡತೆ ಉದುರಿಸಿ ಕೊಡೋದು ಅಲ್ಲಿ ವಿಶೇಷ.

ಕೋಟೇಶ್ವರ_ಕಡಲು
ಮಿಡತೆ!! ಆಯ್ತು, ನಾನಿನ್ನು ದೋಸೆ ಪಾರ್ಟಿ.

ಪುತ್ತೂರು_ಅಡಿಕೆ
ಬನ್ನಿ ಬನ್ನಿ, ಜಾಗ ಉಂಟು.

ಚಾಮುಂಡಿಬೆಟ್ಟದ_ಮೆಟ್ಟಿಲು
ಎಲ್ಲರ ಮಾತೂ ಬರೆದಿಟ್ಕೊಂಡೆ, ನಾಳೆ ಮೂರು ಗಂಟೆಗೆ ಫೋನ್ ಮಾಡ್ತೀನಿ. ಸಿಹಿ ಒಂದು ಉಳೀತು. ಫ್ಲಾನ್, ತ್ರೆಸ್ ಲೆಚೆಸ್, ಚುರ್ರೋ ಇದೆ. ಅತ್ತೆಗೆ ಯಾವುದು?

ದಾವಣಗೆರೆ_ಬೆಣ್ಣೆ
ಮೊದಲೆರಡೂ ಮೊಟ್ಟೆ. ಫ್ಲಾನ್ ಅಂತೂ ಮೊಟ್ಟೆ-ಹಾಲಿನ ಗಿಣ್ಣೇ, ತ್ರೆಸ್ ಲೆಚೆಸ್ ಹಾಲಲ್ಲಿ ನೆನೆಸಿದ ಕೇಕು. ಚುರ್ರೋ ಕರಿದ ಸಿಹಿ ತಿಂಡಿ, ಅದರ ಹಿಟ್ಟಿಗೆ ಕೆಲವರು ಮೊಟ್ಟೆ ಹಾಕ್ತಾರೆ, ಕೆಲವರು ಹಾಕಲ್ಲ, ಎಣ್ಣೆಯ ಪ್ರಶ್ನೆಯೂ ಇದೆ. ಹೋಟೆಲಲ್ಲಿ ಸಿಹಿ ಬಿಟ್ಟುಬಿಡಿ. ಬರ್ತಾ ದಾರೀಲಿ ಪಲೆತೇರಿಯಾ ಅಂತ ಮೆಕ್ಸಿಕನ್ ಐಸ್‌ಕ್ಯಾಂಡಿ ಅಂಗಡಿ ಸಿಕ್ಕಿದ್ರೆ ನಿಲ್ಲಿಸಿ. ಹಾಲಿನವು ಬೇರೆ, ನೀರಿನವು ಬೇರೆ. ನೀರಿನವು ಬರೀ ಹಣ್ಣು, ಸಕ್ಕರೆ. ಮಾವಿನಹಣ್ಣಿಗೆ ಖಾರದಪುಡಿ ಹಾಕಿದ್ದು ಇದ್ರೆ ಮೊದಲು ಮಾವನಿಗೆ ಕೊಡಿಸಿ. ಅತ್ತೆಗೆ ಹುಣಸೆಹಣ್ಣಿನದು.